ಆಟವಾಗುವ ಕೆಲಸ

ದಣಿವೆಂಬುದು ಕೇವಲ ಮೈಗೆ ಸಂಬಂಧಿಸಿದ ಸಂಗತಿಯಲ್ಲ. ಅಂಗಡಿಗೆ ಹೋಗಿ ಅರ್ಧ ಕಿಲೋ ಬೆಲ್ಲ ತಾ ಎಂದರೆ ಕಾಲುನೋವೆಂದು ಮುಖ ಸಣ್ಣದು ಮಾಡುವ ಹುಡುಗ, ಗೆಳೆಯರು ಕೂಗಿದೊಡನೆ ಹೊರಗೆ ಧಾವಿಸಿ ಕತ್ತಲಾಗುವವರೆಗೂ ಲಗೋರಿ ಆಡುತ್ತಾನೆ. ಆಟದಲ್ಲಿ ಅವನು ಓಡಿದ ದೂರವನ್ನು ಅಳೆದರೆ ಅಂಗಡಿಗೆ ಹತ್ತು ಸಲ ಹೋಗಿಬಂದಷ್ಟಾದೀತು. ಕಾಲುಗಳು ಅವೇ, ಆದರೆ ಒಂದು ಕಡೆ ನೋವಿದೆ, ಇನ್ನೊಂದು ಕಡೆ ನಲಿವಿದೆ. ಇದಕ್ಕೆ ಕಾರಣವೇನು?

ಆಟಕ್ಕೆ ಮೂರು ಗುಣಗಳಿವೆ. ಮಾಡಬೇಕಾದುದು ಏನೆಂಬುದು ಅಲ್ಲಿ ಸ್ಪಷ್ಟವಾಗಿರುತ್ತದೆ. ಎಷ್ಟಾಯಿತು, ಎಷ್ಟು ಉಳಿಯಿತು ಎಂಬುದು ಆಗಿಂದಾಗ್ಗೆ ತಿಳಿಯುತ್ತದೆ. ಸೋತರೆ ಮತ್ತೊಮ್ಮೆ ಆಡಲು ಅವಕಾಶವಿರುತ್ತದೆ. ನಿತ್ಯದ ಕೆಲಸಗಳಲ್ಲಿ ಈ ಮೂರೂ ವಿರಳ. ‘ಚೆನ್ನಾಗಿ ಓದು’ ಎಂದು ಹಿರಿಯರು ಹೇಳುತ್ತಾರೆ. ಚೆನ್ನಾಗಿ ಎಂದರೆ ಎಷ್ಟು, ಇಂದು ಅದರಲ್ಲಿ ಎಷ್ಟಾಯಿತು ಎಂಬುದನ್ನು ಯಾರೂ ಹೇಳುವುದಿಲ್ಲ. ಗುರಿ ಕಾಣದ ದಾರಿ ಎಷ್ಟು ಚಿಕ್ಕದಾದರೂ ಉದ್ದವಾಗಿಯೇ ತೋರುತ್ತದೆ. ಆದ್ದರಿಂದ ಆಟದ ಗುಣಗಳನ್ನು ಎರವಲು ತಂದು ಕೆಲಸಕ್ಕೆ ತೊಡಿಸುವ ಉಪಾಯವನ್ನು ಮನುಷ್ಯ ಕಂಡುಕೊಂಡಿದ್ದಾನೆ. ಈ ಶತಮಾನದಲ್ಲಿ ಅದಕ್ಕೆ ‘ಗೇಮಿಫಿಕೇಷನ್’ ಎಂಬ ಹೊಸ ಹೆಸರು ಬಂದಿದೆ. ನಾವು ಅದನ್ನು ಕೆಲಸವನ್ನು ಆಟವಾಗಿಸುವುದು ಎಂದು ಕರೆಯೋಣ. ಅದರಿಂದ ಆಗುವ ಉಪಕಾರವೇನು, ಅದರಲ್ಲಿ ಅಡಗಿರುವ ಅಪಾಯವೇನು ಎಂಬುದನ್ನು ವಿಚಾರಮಾಡುವುದು ಯೋಗ್ಯವಾಗಿದೆ.

ದಾವಣಗೆರೆಯ ಕುಂದವಾಡ ಕೆರೆಯ ಏರಿಯ ಮೇಲೆ ಮುಂಜಾನೆ ನೂರಾರು ಜನ ನಡೆದಾಡುತ್ತಾರೆ. ನಾನೂ ಅವರಲ್ಲಿ ಒಬ್ಬ. ನನ್ನ ಜೊತೆಗೆ ಬರುವ ಹಿರಿಯ ಮಿತ್ರರೊಬ್ಬರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ನಡೆಯಬೇಕೆಂದು ವೈದ್ಯರು ಹೇಳಿದರೂ ಅವರು ಕಿವಿಗೆ ಹಾಕಿಕೊಂಡಿರಲಿಲ್ಲ. ಮಗ ಅವರ ಮೊಬೈಲಿನಲ್ಲಿ ಹೆಜ್ಜೆ ಎಣಿಸುವ ಸೌಲಭ್ಯವನ್ನು ಹಾಕಿಕೊಟ್ಟ ಮೇಲೆ ಅವರು ಬೇರೆಯ ಮನುಷ್ಯರೇ ಆದರು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ತುಂಬಿದರೆ ಪರದೆಯ ಮೇಲೆ ಒಂದು ಪದಕ ಮೂಡುತ್ತದೆ. ಆ ಪದಕಕ್ಕೆ ಪೇಟೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಆದರೂ ಅದಕ್ಕಾಗಿ ಅವರು ಬೆಳಗಿನ ಐದೂವರೆಗೆ ಏಳತೊಡಗಿದರು. ಮನೆಗೆ ಮರಳುವ ಹೊತ್ತಿಗೆ ಲೆಕ್ಕ ತುಂಬದಿದ್ದರೆ, “ಮೇಷ್ಟ್ರೆ, ಇನ್ನೂ ಒಂಬೈನೂರು ಬಾಕಿ ಇದೆ” ಎಂದು ನನ್ನನ್ನೂ ಎಳೆದುಕೊಂಡು ಮತ್ತೊಂದು ಸುತ್ತು ಹಾಕುತ್ತಿದ್ದರು. ಕೆಲವು ತಿಂಗಳುಗಳಲ್ಲಿ ಅವರ ಆರೋಗ್ಯ ಸುಧಾರಿಸಿತು. ವೈದ್ಯರ ಮಾತು ಮಾಡದ ಕೆಲಸವನ್ನು ಒಂದು ಎಣಿಕೆ ಮಾಡಿತು.

ಈ ಹತ್ತು ಸಾವಿರ ಎಂಬ ಸಂಖ್ಯೆ ಎಲ್ಲಿಂದ ಬಂತು? 1964ರಲ್ಲಿ ಜಪಾನಿನ ಟೋಕಿಯೊ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಅದರಿಂದ ಆ ದೇಶದ ಜನರಲ್ಲಿ ವ್ಯಾಯಾಮದ ಆಸಕ್ತಿ ಹೆಚ್ಚಿತು. ಮರುವರ್ಷ ಅಲ್ಲಿಯ ಸಂಸ್ಥೆಯೊಂದು ಸೊಂಟಕ್ಕೆ ಕಟ್ಟಿಕೊಂಡು ಹೆಜ್ಜೆ ಎಣಿಸುವ ಪುಟ್ಟ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದರ ಹೆಸರಿನ ಅರ್ಥವೇ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದು. ನೆನಪಿನಲ್ಲಿ ಉಳಿಯುವಂಥ ದುಂಡು ಸಂಖ್ಯೆ ಅದು. ವೈದ್ಯಶಾಸ್ತ್ರದ ಪರೀಕ್ಷೆಯಿಂದ ಹುಟ್ಟಿದ್ದಲ್ಲ. ಅಮೆರಿಕದ ವಯಸ್ಸಾದ ಮಹಿಳೆಯರನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಿಗೂ ತೀರ ಕಡಿಮೆ ನಡೆದವರಿಗಿಂತ ಸಾವಿನ ಭಯ ಕಡಿಮೆಯಾಗಿತ್ತೆಂದು ಕಂಡುಬಂದಿತು. 7,500ರ ಆಚೆಗೆ ಅಂಥ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾದರೆ ಹತ್ತು ಸಾವಿರವೆಂಬುದು ಸುಳ್ಳೆ? ಸುಳ್ಳೆನ್ನುವಂತಿಲ್ಲ. ಅದು ಆಟದ ಅಂಗಳದಲ್ಲಿ ಎಳೆದ ಗೆರೆಯಂತೆ. ಗೆರೆಯನ್ನು ಒಂದು ಗೇಣು ಅತ್ತಿತ್ತ ಎಳೆಯಬಹುದು. ಆದರೆ ಗೆರೆಯೇ ಇಲ್ಲದಿದ್ದರೆ ಆಟ ಸಾಗದು.

ಹೆಸರು ಹೊಸದಾದರೂ ಈ ಉಪಾಯ ನಮ್ಮವರಿಗೆ ಹೊಸದಲ್ಲ. ನನ್ನ ಅಜ್ಜಿ ನಸುಕಿನಲ್ಲಿ ಎದ್ದು ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದಳು. ಮನೆ ತುಂಬ ಜನರಿಗೆ ರೊಟ್ಟಿಯಾಗಬೇಕಾದರೆ ಜೋಳ ಬೀಸುವುದು ಸಣ್ಣ ಶ್ರಮವಲ್ಲ. ಅವಳು ಕಾಳನ್ನು ಅಳೆಯುತ್ತಿದ್ದುದು ಸೇರಿನಿಂದಲ್ಲ, ಹಾಡಿನಿಂದ. “ಇನ್ನು ನಾಲ್ಕು ಪದ ಹಾಡಿದರೆ ಮುಗೀತು” ಎನ್ನುತ್ತಿದ್ದಳು. ಒಬ್ಬಳು ಹಾಡಿದ ನುಡಿಗೆ ಇನ್ನೊಬ್ಬಳು ಎದುರು ನುಡಿ ಕಟ್ಟುವಷ್ಟರಲ್ಲಿ ಮೊರ ಬರಿದಾಗುತ್ತಿತ್ತು. ಭದ್ರಾ ನಾಲೆಯ ನೀರು ಹರಿಯುವ ನಮ್ಮ ಗದ್ದೆಗಳಲ್ಲಿ ನಾಟಿಯ ಕಾಲಕ್ಕೆ ಹೆಂಗಸರು ಸಾಲುಗಟ್ಟಿ ನಿಂತು, ಯಾರ ಸಾಲು ಮೊದಲು ಬದುವನ್ನು ಮುಟ್ಟುವುದೆಂದು ಪಂಥ ಕಟ್ಟುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಗರಡಿಮನೆಯ ಹುಡುಗನೂ ಮೊದಲ ದಿನವೇ ನೂರು ಬಸ್ಕಿ ಹೊಡೆಯುವುದಿಲ್ಲ. ಇಂದು ಇಪ್ಪತ್ತಾದರೆ ನಾಳೆ ಇಪ್ಪತ್ತೆರಡು. ನಿನ್ನೆಯ ತನ್ನನ್ನೇ ಇಂದು ಸೋಲಿಸುವ ಕುಸ್ತಿ ಅದು. ಅಖಾಡದ ಕುಸ್ತಿ ಆಮೇಲಿನದು.

ದೊಡ್ಡ ಕಾರ್ಯಗಳಲ್ಲಿಯೂ ಎಣಿಕೆಯ ಬಲವನ್ನು ಬಳಸಿಕೊಂಡ ಉದಾಹರಣೆಗಳಿವೆ. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಕಾಂಗ್ರೆಸ್ಸಿನ ಸದಸ್ಯನಾಗುವವನು ತಿಂಗಳಿಗೆ 2,000 ಗಜ ನೂಲನ್ನು ಒಪ್ಪಿಸಬೇಕೆಂಬ ನಿಯಮವನ್ನು ಅಲ್ಲಿ ಅಂಗೀಕರಿಸಿದರು. ದೇಶಸೇವೆ ಎಂಬ ದೊಡ್ಡ ಮಾತು ದಿನಕ್ಕೆ ಎಪ್ಪತ್ತು ಗಜಕ್ಕೂ ಕಡಿಮೆಯಾದ ಒಂದು ನೂಲೆಳೆಯಾಗಿ ಸಾಮಾನ್ಯನ ಕೈಗೆ ಎಟುಕಿತು. ಆದರೆ ನೂಲಲು ಮನಸ್ಸಿಲ್ಲದವರು ಬೇರೆಯವರು ನೂತ ನೂಲನ್ನು ಕೊಡಲು ಅವಕಾಶವಿತ್ತು. ಹೀಗೆ ಕೊಟ್ಟಾಗ ಲೆಕ್ಕ ತುಂಬುತ್ತದೆ; ರಾಟೆ ಮಾತ್ರ ತಿರುಗುವುದಿಲ್ಲ. ಮರುವರ್ಷವೇ ಆ ನಿಯಮವನ್ನು ಸಡಿಲಿಸಿ, ನಾಲ್ಕಾಣೆ ಚಂದಾ ಕೊಟ್ಟೂ ಸದಸ್ಯರಾಗಬಹುದೆಂದು ಮಾಡಬೇಕಾಯಿತು. ಎಣಿಕೆ ಮನುಷ್ಯನನ್ನು ಕೆಲಸದ ಬಾಗಿಲವರೆಗೆ ಕರೆತರಬಲ್ಲದು. ಒಳಗೆ ಹೋಗುವವನು ಅವನೇ ಆಗಬೇಕು ಎಂಬುದು ಇದರಿಂದ ತಿಳಿಯುತ್ತದೆ.

ನಿಮ್ಮಲ್ಲಿ ಅನೇಕರು ಇಂಥ ಒಂದು ಆಟವನ್ನು ಆಡಿಯೇ ಅಕ್ಷರ ಕಲಿತವರು. ಸರ್ಕಾರಿ ಶಾಲೆಯ ‘ನಲಿ ಕಲಿ’ ಕೊಠಡಿಯನ್ನು ನೆನಪಿಸಿಕೊಳ್ಳಿ. ಗೋಡೆಯ ಮೇಲೆ ಕಲಿಕೆಯ ಏಣಿ, ಕೈಯಲ್ಲಿ ಚಿತ್ರವಿರುವ ಕಾರ್ಡು, ಒಂದೊಂದು ಮೆಟ್ಟಿಲು ಹತ್ತಿದಾಗಲೂ ಒಂದು ಸಂತೋಷ. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಸುತ್ತಲಿನ ಹಳ್ಳಿಶಾಲೆಗಳನ್ನು ನೋಡಿಬಂದ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಈ ಪದ್ಧತಿಯನ್ನು ಆರಂಭಿಸಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಹರಡಿತು. ಈ ಏಣಿಯಲ್ಲಿ ನಾನು ಮೆಚ್ಚುವ ಗುಣವೊಂದಿದೆ. ಎಲ್ಲರೂ ಒಂದೇ ದಿನ ಒಂದೇ ಮೆಟ್ಟಿಲಿನಲ್ಲಿ ಇರಬೇಕೆಂಬ ಕಟ್ಟಲೆ ಅಲ್ಲಿಲ್ಲ. ಜ್ವರ ಬಂದು ಹತ್ತು ದಿನ ಶಾಲೆ ತಪ್ಪಿಸಿದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಅಲ್ಲಿ ಹಿಂದೆ ಬಿದ್ದವರೆಂಬ ಹಣೆಪಟ್ಟಿ ಇಲ್ಲ.

ಇಷ್ಟನ್ನು ಹೊಗಳಿದ ಮೇಲೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಲೇಬೇಕು. ಮೂವತ್ತೈದು ವರ್ಷಗಳ ಹಿಂದೆ ನಾನು ಹರಿಹರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಗ್ರಂಥಾಲಯದ ಬೀರುವಿನಲ್ಲಿ ಪುಸ್ತಕಗಳು ಧೂಳು ತಿನ್ನುತ್ತಿದ್ದವು. ವಿದ್ಯಾರ್ಥಿಗಳಿಗೆ ಓದಿನ ರುಚಿ ಹತ್ತಿಸಬೇಕೆಂದು ಒಂದು ದೊಡ್ಡ ಹಾಳೆಯ ಮೇಲೆ ತರಗತಿಯ ಎಲ್ಲರ ಹೆಸರು ಬರೆದು ಗೋಡೆಗೆ ಅಂಟಿಸಿದೆ. ಒಂದು ಪುಸ್ತಕ ಓದಿ ಹಿಂದಿರುಗಿಸಿದರೆ ಹೆಸರಿನ ಮುಂದೆ ಒಂದು ನಕ್ಷತ್ರ. ವರ್ಷದ ಕೊನೆಯಲ್ಲಿ ಹೆಚ್ಚು ನಕ್ಷತ್ರ ಪಡೆದವರಿಗೆ ಬಹುಮಾನ. ಒಂದೇ ವಾರದಲ್ಲಿ ಬೀರುವಿನ ಮುಂದೆ ನೂಕುನುಗ್ಗಲು. ನಾನು ಹಿಗ್ಗಿಹೋದೆ.

ತರಗತಿಯಲ್ಲಿ ಕಾರ್ಖಾನೆಯ ಕಾರ್ಮಿಕರೊಬ್ಬರ ಮಗಳಿದ್ದಳು. ಹೆಚ್ಚು ಮಾತನಾಡದ ಹುಡುಗಿ. ಅವಳು ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು ಹಿಡಿದಿದ್ದಳು. ಅದು ಸಣ್ಣ ಪುಸ್ತಕವಲ್ಲ. ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ಕುಳಿತು ಅವಳು ಓದುತ್ತಿದ್ದುದನ್ನು ನಾನು ನೋಡುತ್ತಿದ್ದೆ. ಒಂದು ತಿಂಗಳು ಕಳೆದರೂ ಅವಳ ಹೆಸರಿನ ಮುಂದೆ ಒಂದು ನಕ್ಷತ್ರವೂ ಮೂಡಲಿಲ್ಲ. ಮೇಲಿನ ಸಾಲಿನ ಹುಡುಗನೊಬ್ಬನಿಗೆ ಆಗಲೇ ಹದಿನಾಲ್ಕು. ಒಂದು ದಿನ ಅವಳು ಆ ಕಾದಂಬರಿಯನ್ನು ಅರ್ಧಕ್ಕೇ ತಂದು ಮೇಜಿನ ಮೇಲಿಟ್ಟು, ಇಪ್ಪತ್ತು ಪುಟದ ಒಂದು ಕಥೆ ಪುಸ್ತಕವನ್ನು ಕೇಳಿದಳು. ಏಕೆಂದು ವಿಚಾರಿಸಿದೆ. “ಇದು ಮುಗಿಯೋ ಹೊತ್ತಿಗೆ ಎಲ್ಲರಿಗೂ ಹತ್ತತ್ತು ನಕ್ಷತ್ರ ಬಂದಿರ್ತಾವೆ ಸಾರ್. ನನ್ನ ಹೆಸರಿನ ಮುಂದೆ ಏನೂ ಇಲ್ಲ ಅಂತ ನಗ್ತಾರೆ” ಎಂದಳು.

ಅಂದು ಸಂಜೆ ಹದಿನಾಲ್ಕು ನಕ್ಷತ್ರದ ಹುಡುಗನನ್ನು ಕರೆದು ಅವನು ಓದಿದ ಕಥೆಗಳನ್ನು ಕೇಳಿದೆ. ಮೊದಲ ಪುಟ, ಕೊನೆಯ ಪುಟಗಳ ಹೊರತು ಅವನಿಗೆ ಬೇರೇನೂ ಗೊತ್ತಿರಲಿಲ್ಲ. ಅವನನ್ನು ನಾನು ಗದರಿಸಲಿಲ್ಲ. ನಾನು ಓದನ್ನು ಕೇಳಿರಲಿಲ್ಲ, ನಕ್ಷತ್ರವನ್ನು ಕೇಳಿದ್ದೆ. ಅವನು ಕೇಳಿದ್ದನ್ನೇ ಕೊಟ್ಟಿದ್ದ. ಮರುದಿನ ಗೋಡೆಯ ಹಾಳೆಯನ್ನು ತೆಗೆದುಹಾಕಿದೆ. ‘ಕಾನೂರು ಹೆಗ್ಗಡಿತಿ’ಯನ್ನು ಬೀರುವಿನಿಂದ ತೆಗೆದು ಆ ಹುಡುಗಿಯ ಮುಂದೆ ಹಿಡಿದೆ. ಅವಳು ವಿನಯದಿಂದ “ಬೇಡ ಸಾರ್” ಎಂದಳು. ಆ ವರ್ಷ ಅವಳು ಅದನ್ನು ಮತ್ತೆ ಮುಟ್ಟಲಿಲ್ಲ. ಹಾಳೆಯನ್ನು ಗೋಡೆಯಿಂದ ಕೀಳುವುದು ಸುಲಭ. ಅದು ಮನಸ್ಸಿನಲ್ಲಿ ಬಿಟ್ಟ ಗುರುತನ್ನು ಅಳಿಸುವುದು ಸುಲಭವಲ್ಲ.

ನನ್ನ ತಪ್ಪಿನ ಸ್ವರೂಪ ಅನೇಕ ವರ್ಷಗಳ ನಂತರ ಒಂದು ಪ್ರಯೋಗದ ವಿವರವನ್ನು ಓದಿದಾಗ ಇನ್ನಷ್ಟು ಸ್ಪಷ್ಟವಾಯಿತು. 1973ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಅದನ್ನು ಪ್ರಕಟಿಸಿದರು. ಚಿತ್ರ ಬರೆಯುವುದರಲ್ಲಿ ತಾವಾಗಿಯೇ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳನ್ನು ಅವರು ಮೂರು ಗುಂಪು ಮಾಡಿದರು. ಚಿತ್ರ ಬರೆದರೆ ಬಂಗಾರದ ಬಣ್ಣದ ನಕ್ಷತ್ರವಿರುವ ಪ್ರಶಸ್ತಿಪತ್ರ ಕೊಡುವೆವೆಂದು ಒಂದು ಗುಂಪಿಗೆ ಮೊದಲೇ ಹೇಳಿದರು. ಎರಡನೆಯ ಗುಂಪಿಗೆ ಏನೂ ಹೇಳದೆ, ಬರೆದು ಮುಗಿಸಿದ ಮೇಲೆ ಅದೇ ಪತ್ರವನ್ನು ಕೊಟ್ಟರು. ಮೂರನೆಯ ಗುಂಪಿಗೆ ಏನೂ ಕೊಡಲಿಲ್ಲ. ಕೆಲವು ದಿನಗಳ ಮೇಲೆ ಬಹುಮಾನದ ಮಾತಿಲ್ಲದೆ ಬಣ್ಣದ ಲೇಖನಿಗಳನ್ನು ಮಕ್ಕಳ ಮುಂದೆ ಇಟ್ಟು ಗಮನಿಸಿದರು. ಬಹುಮಾನದ ಆಸೆಯಿಂದ ಬರೆದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಅನಿರೀಕ್ಷಿತವಾಗಿ ಬಹುಮಾನ ಪಡೆದವರ ಆಸಕ್ತಿ ಕುಂದಿರಲಿಲ್ಲ. ಮೊದಲಿನಿಂದಲೂ ಆಟವಾಗಿದ್ದುದಕ್ಕೆ ಕೂಲಿ ಗೊತ್ತುಮಾಡಿದರೆ ಆಟವೂ ಕೆಲಸವಾಗಿಬಿಡುತ್ತದೆ. ಬೇವಿನ ಮರದ ಕೆಳಗೆ ಕುಳಿತ ಹುಡುಗಿಗೆ ನಾನು ಮಾಡಿದ್ದೂ ಇದನ್ನೇ.

ಇನ್ನೊಂದು ವಿಷಯವನ್ನೂ ಯೋಚಿಸಬೇಕು. ಎಣಿಕೆಯಿರುವುದೆಲ್ಲ ಆಟವಲ್ಲ. ಹರಿಹರದ ಓಣಿಗಳಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ತಾಯಂದಿರನ್ನು ನೀವು ನೋಡಿರಬಹುದು. ಅವರ ಕೂಲಿ ಸಾವಿರ ಬೀಡಿಯ ಲೆಕ್ಕ. ಅವರ ಬೆರಳುಗಳು ಎಣಿಸುತ್ತಲೇ ಇರುತ್ತವೆ. ಆದರೆ ಅದನ್ನು ಆಟವೆಂದು ಕರೆದರೆ ಅವರಿಗೆ ಅನ್ಯಾಯ ಮಾಡಿದಂತೆ. ಸಾಕೆನಿಸಿದಾಗ ಏಳುವ ಸ್ವಾತಂತ್ರ್ಯ ಅವರಿಗಿಲ್ಲ. ಈಗ ನಗರಗಳಲ್ಲಿ ಮನೆಬಾಗಿಲಿಗೆ ಊಟ ತಲುಪಿಸುವ ಯುವಕರ ಮೊಬೈಲಿನಲ್ಲಿಯೂ ಗುರಿ, ಶ್ರೇಣಿ, ಹೆಚ್ಚುವರಿ ಹಣದ ಆಮಿಷಗಳು ಆಟದ ವೇಷದಲ್ಲಿ ಬರುತ್ತವೆ. ಇನ್ನೆರಡು ಸಲ ತಲುಪಿಸಿದರೆ ಗುರಿ ಮುಟ್ಟುತ್ತದೆಂದು ತೋರಿದಾಗ, ದಣಿದ ದೇಹವೂ ಗಾಡಿಯನ್ನು ವೇಗವಾಗಿ ಓಡಿಸುತ್ತದೆ. ಆ ಆಟದ ನಿಯಮವನ್ನು ಮಾಡಿದವನು ಬೇರೆ, ಮಳೆಯಲ್ಲಿ ತೊಯ್ಯುವವನು ಬೇರೆ. ಭಾಷೆ ಕಲಿಸುವ ಆ್ಯಪ್‌ಗಳಲ್ಲಿ ಒಂದು ದಿನವೂ ತಪ್ಪದ ಸರಣಿಯ ಲೆಕ್ಕವಿರುತ್ತದೆ. ಅದು ಮೊದಮೊದಲು ಉತ್ಸಾಹ ಕೊಡುತ್ತದೆ. ಬರಬರುತ್ತ ಸರಣಿ ಕಡಿಯುವ ಭಯವೇ ಉಳಿದು, ಭಾಷೆಯ ಪ್ರೀತಿ ಮರೆಯಾಗುವುದುಂಟು.

ಆದ್ದರಿಂದ ಯಾವುದಾದರೂ ಕೆಲಸವನ್ನು ಆಟವಾಗಿಸಿಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಮೊದಲನೆಯದು, ಈ ಆಟದ ನಿಯಮ ಯಾರದು? ನಿಮ್ಮ ಒಳಿತಿಗಾಗಿ ನೀವೇ ಮಾಡಿಕೊಂಡದ್ದಾದರೆ ಒಳ್ಳೆಯದು. ಬೇರೆಯವರ ಲಾಭಕ್ಕಾಗಿ ಮಾಡಿದ್ದಾದರೆ ಎಚ್ಚರವಿರಲಿ. ಎರಡನೆಯದು, ಎಣಿಸುತ್ತಿರುವುದು ಕೆಲಸವನ್ನೋ ಅದರ ನೆರಳನ್ನೋ? ಓದಿದ ಪುಟ ಒಂದು ಸಂಖ್ಯೆ. ತಿಳಿದ ಅರ್ಥ ಬೇರೊಂದು ವಸ್ತು. ಮೂರನೆಯದು, ಬೇಡವೆನಿಸಿದಾಗ ಈ ಆಟವನ್ನು ನಿಲ್ಲಿಸಬಲ್ಲೆನೆ? ನಿಲ್ಲಿಸಲಾಗದ ಆಟದಲ್ಲಿ ನಾವು ಆಟಗಾರರಲ್ಲ, ಕಾಯಿಗಳು.

ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ದೊರೆತರೆ ಧಾರಾಳವಾಗಿ ಆಟವಾಡಿ. ಗಣಿತದ ಲೆಕ್ಕಗಳು ಬೆಟ್ಟದಂತೆ ಕಂಡರೆ, ಸಂಜೆ ದೀಪ ಹಚ್ಚಿದಾಗಿನಿಂದ ಊಟದ ಕರೆ ಬರುವವರೆಗೆ ಐದು ಲೆಕ್ಕ ಎಂದು ಗೆರೆ ಎಳೆದುಕೊಳ್ಳಿ. ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಒಂದು ಗುರುತು ಹಾಕಿ. ಒಂದು ದಿನ ತಪ್ಪಿದರೆ ಅಳಬೇಡಿ. ಚೌಕಾಬಾರದಲ್ಲಿ ಕಡಿದ ಕಾಯಿ ಮನೆಗೆ ಹೋಗಿ ಮತ್ತೆ ಹೊರಡುವುದಿಲ್ಲವೆ? ಗುಡಿಸುವುದು, ಬಟ್ಟೆ ಮಡಿಸುವುದು, ಹಳೆಯ ಪಾಠಗಳನ್ನು ಬಾಯಿಪಾಠ ಮಾಡುವುದು ಮುಂತಾದ ರುಚಿಯಿಲ್ಲದ ಕೆಲಸಗಳಿಗೆ ಆಟ ಉಪ್ಪಿನಂತೆ ಒದಗುತ್ತದೆ. ಆದರೆ ತಾನಾಗಿಯೇ ಸಿಹಿಯಾದುದಕ್ಕೆ ಉಪ್ಪು ಹಾಕಬೇಡಿ. ನಿಮಗೆ ಪ್ರಿಯವಾದ ಪುಸ್ತಕ, ಹಾಡು, ಚಿತ್ರಗಳನ್ನು ಲೆಕ್ಕದಿಂದ ದೂರವಿಡಿ.

ಕೆರೆಯ ಏರಿಯ ನನ್ನ ಮಿತ್ರರ ಕಥೆ ಅಲ್ಲಿಗೇ ನಿಂತಿರಲಿಲ್ಲ. ಒಮ್ಮೆ ಮಳೆಗಾಲದಲ್ಲಿ ಅವರ ಮೊಣಕಾಲು ಊದಿಕೊಂಡಿತು. ಜೊತೆಗೆ ಜ್ವರ ಬೇರೆ. ಆದರೂ ಇನ್ನೂರು ದಿನಗಳ ಸರಣಿ ಕಡಿದೀತೆಂದು ರಾತ್ರಿ ಹತ್ತು ಗಂಟೆಗೆ ಮನೆಯ ಪಡಸಾಲೆಯಲ್ಲಿ ಕುಂಟುತ್ತ ನಡೆಯುತ್ತಿದ್ದರಂತೆ. ಅವರ ಶ್ರೀಮತಿಯವರು ಮೊಬೈಲನ್ನು ಕೈಯಿಂದ ತೆಗೆದುಕೊಂಡು, “ನಡೆಯೋದು ನೀವೋ, ಇದೋ?” ಎಂದರು. ಹತ್ತು ದಿನ ಮಲಗಿದ್ದು ಮತ್ತೆ ಕೆರೆಗೆ ಬಂದಾಗ ಅವರ ಜೇಬಿನಲ್ಲಿ ಮೊಬೈಲ್ ಇರಲಿಲ್ಲ. “ಅದು ನನ್ನನ್ನು ನಡೆಯೋಕೆ ಕಲಿಸಿತು ಮೇಷ್ಟ್ರೆ. ಕಲಿತ ಮೇಲೆ ಮೇಷ್ಟ್ರನ್ನ ಹೆಗಲ ಮೇಲೆ ಹೊತ್ಕೊಂಡು ತಿರುಗಬೇಕಾ?” ಎಂದು ನಕ್ಕರು. ನಾನೂ ಮೇಷ್ಟರೇ ಆದುದರಿಂದ ಆ ಮಾತಿನ ಅರ್ಥ ನನಗೆ ಚೆನ್ನಾಗಿ ನಾಟಿತು. ಅಂದು ಅವರು ಕೆರೆಗೆ ಇಳಿದ ಹಕ್ಕಿಗಳನ್ನು ನಿಂತು ನೋಡಿದರು. ಹೆಜ್ಜೆ ಎಣಿಸುತ್ತಿದ್ದ ದಿನಗಳಲ್ಲಿ ಅವರು ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ.

ತುಂಗಭದ್ರೆಯ ದಡದ ಹರಿಹರದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ದೇವಾಲಯವಿದೆ. ಅಲ್ಲಿಯ ವಿಗ್ರಹದ ಅರ್ಧಭಾಗ ಹರ, ಇನ್ನರ್ಧಭಾಗ ಹರಿ. ಒಂದು ಇನ್ನೊಂದನ್ನು ನುಂಗಿಲ್ಲ. ಎರಡೂ ಕೂಡಿ ಒಂದೇ ಮೂರ್ತಿಯಾಗಿ ನಿಂತಿವೆ. ಆಟ ಮತ್ತು ಕೆಲಸಗಳ ಸಂಬಂಧವೂ ಹೀಗೆಯೇ ಇರಬೇಕು. ಕೆಲಸವು ಆಟವನ್ನು ನುಂಗಿದರೆ ಬದುಕು ಒಣಗುತ್ತದೆ. ಆಟದ ಲೆಕ್ಕವು ಕೆಲಸವನ್ನು ನುಂಗಿದರೆ ಬದುಕು ಪೊಳ್ಳಾಗುತ್ತದೆ. ಎಣಿಸಬೇಕಾದಾಗ ಎಣಿಸೋಣ, ಎಣಿಕೆಯನ್ನು ಮರೆಯುವ ಹೊತ್ತು ಬಂದಾಗ ಸಂತೋಷದಿಂದ ಮರೆಯೋಣ. ಅಜ್ಜಿಯ ಹಾಡು ಎಷ್ಟೋ ಸಲ ಹಿಟ್ಟು ಮುಗಿದ ಮೇಲೂ ಮುಂದುವರಿಯುತ್ತಿತ್ತು.